ಮಳೆಗಾಲದ ಕಸ ಮತ್ತು ಕಡಲೂರಿನ ಜನ

ಕರ್ನಾಟಕದ ಸುಮಾರು 320 ಕಿಲೋಮೀಟರ್ ಕಡಲತೀರಕ್ಕೆ ಕಸ ಹೆಚ್ಚಾಗಿ ಬಂದು ಬೀಳುವುದು ಮಳೆಗಾಲದಲ್ಲಿ. ಘಟ್ಟದಿಂದ ಇಳಿಯುವ ಶರಾವತಿ, ಸ್ವರ್ಣಾ, ನೇತ್ರಾವತಿಯಂಥ ಹೊಳೆಗಳು ನೆರೆಯ ಜೊತೆಗೆ ಊರೂರಿನ ಬಾಟಲಿ, ಚಪ್ಪಲಿ, ಥರ್ಮಾಕೋಲ್, ಹಾಲಿನ ಪೊಟ್ಟಣಗಳನ್ನು ಅಳಿವೆಗೆ ತಂದು ಸುರಿಯುತ್ತವೆ. ಪಡುವಣ ಗಾಳಿ ಅವನ್ನು ದಡಕ್ಕೆ ತಳ್ಳುತ್ತದೆ. ದೋಣಿಗಳಿಂದ ಕಳಚಿಹೋದ ನೈಲಾನ್ ಬಲೆಯ ತುಂಡುಗಳೂ ಇದರೊಡನೆ ಸೇರುತ್ತವೆ. ಮೀನುಗಾರರ ಕೇರಿಯ ಮುಂದೆ ಬಿದ್ದದ್ದೆಲ್ಲ ಆ ಕೇರಿಯವರೇ ಎಸೆದದ್ದು ಎಂದು ತಿಳಿಯುವುದು ಅನ್ಯಾಯ.

ತೀರ ಶುಚಿಗೊಳಿಸಲು ಹೊತ್ತು ನೋಡಬೇಕು. ಮಳೆಗಾಲದ ತೆರೆ ದಡದ ಮರಳನ್ನು ಕೊರೆದು ಕಡಲೊಳಕ್ಕೆ ಎಳೆದೊಯ್ಯುತ್ತದೆ. ಮಳೆ ಹಿಂದೆಗೆದ ಮೇಲೆ ಸಣ್ಣ ತೆರೆಗಳು ಅದನ್ನು ಮೆಲ್ಲನೆ ತಂದು ಹಾಸುತ್ತವೆ. ಅಷ್ಟರೊಳಗೆ ಹೆಕ್ಕದೆ ಉಳಿದ ಕಸ ಮರಳಿನಡಿ ಹೂತು, ಮುಂದಿನ ಮಳೆಗೆ ಮತ್ತೆ ಮೇಲೇಳುತ್ತದೆ. ಬಿಸಿಲಿಗೆ ಒಣಗಿ ಪುಡಿಯಾದ ಪ್ಲಾಸ್ಟಿಕ್ಕನ್ನು ಆಯುವುದಂತೂ ಯಾರಿಂದಲೂ ಆಗದು. ಹಾಗಾಗಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಕೆಲಸಕ್ಕೆ ಬೆಲೆ ಹೆಚ್ಚು. 1986ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಶುರುವಾದ ಅಂತರರಾಷ್ಟ್ರೀಯ ಕಡಲತೀರ ಸ್ವಚ್ಛತಾ ದಿನವೂ ಸೆಪ್ಟೆಂಬರ್ ತಿಂಗಳ ಮೂರನೆಯ ಶನಿವಾರವೇ ಬರುವುದು ಇಲ್ಲಿಗೆ ಅನುಕೂಲವಾಗಿದೆ.

ಇದಾದ ಕೆಲವೇ ವಾರಗಳಲ್ಲಿ ಕಡಲಾಮೆಗಳ ಕಾಲ. ಹೊನ್ನಾವರದ ಕಾಸರಕೋಡು–ಟೊಂಕ, ಕುಂದಾಪುರದ ಸುತ್ತಿನ ತೀರಗಳಿಗೆ ಆಲಿವ್ ರಿಡ್ಲೆ ಆಮೆಗಳು ಚಳಿಗಾಲದ ರಾತ್ರಿಗಳಲ್ಲಿ ಬಂದು, ಮರಳು ತೋಡಿ ನೂರರಷ್ಟು ಮೊಟ್ಟೆ ಇಡುತ್ತವೆ. ಮರಿ ಹೊರಬರಲು 45ರಿಂದ 60 ದಿನ ಬೇಕು. ದಡದಲ್ಲಿ ಬಿದ್ದ ಬಲೆ ತಾಯಾಮೆಯ ಕಾಲಿಗೂ ತೊಡಕು, ಮರಿಯ ದಾರಿಗೂ ತಡೆ. ಗೂಡು ಮೊದಲು ಕಣ್ಣಿಗೆ ಬೀಳುವುದು ಬೆಳಗಿನ ಜಾವ ದಡಕ್ಕಿಳಿಯುವ ಮೀನುಗಾರರಿಗೆ. ಅವರು ತಿಳಿಸಿದರೆ ಅರಣ್ಯ ಇಲಾಖೆ ಬೇಲಿ ಕಟ್ಟಬಹುದು. ಅವರ ಸಹಕಾರವಿಲ್ಲದ ಸಂರಕ್ಷಣೆ ಕಾಗದದಲ್ಲೇ ಉಳಿಯುತ್ತದೆ.

ಕಸವನ್ನು ಕೈಯಿಂದಲೇ ಹೆಕ್ಕುವುದು ಒಳ್ಳೆಯದು. ಯಂತ್ರ ಮರಳನ್ನು ಕೆರೆದರೆ ಏಡಿಯ ಬಿಲವೂ ಆಮೆಯ ಗೂಡೂ ಹಾಳಾಗುತ್ತವೆ. ಚಿಪ್ಪು, ಕಡಲಪಾಚಿ, ತೇಲಿಬಂದ ಮರದ ತುಂಡು ಕಸವಲ್ಲ. ಮರಳದಿಬ್ಬವನ್ನು ಹಿಡಿದಿಡುವ ಅಡುಂಬು ಬಳ್ಳಿಯನ್ನು ಕಿತ್ತು ‘ಅಂದ’ಗೊಳಿಸುವುದು ತೀರಕ್ಕೆ ಹಾನಿ. ಹೂತ ಬಲೆಯನ್ನು ಜಗ್ಗದೆ ಕತ್ತಿಯಿಂದ ಕೊಯ್ಯಬೇಕು. ಗಾಜು, ಸೂಜಿ ಮುಟ್ಟುವವರಿಗೆ ದಪ್ಪ ಕೈಗವಸು ಬೇಕು. ದಡದಲ್ಲೇ ಕಸಕ್ಕೆ ಬೆಂಕಿ ಹಚ್ಚುವ ರೂಢಿಯನ್ನಂತೂ ಬಿಡಲೇಬೇಕು: ಕರಗಿದ ಪ್ಲಾಸ್ಟಿಕ್ ಮರಳಿಗೆ ಅಂಟಿ ಕುಳಿತರೆ ಬೇರ್ಪಡಿಸಲಾಗದು.

2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಪಡೆದ ಕಾಸರಕೋಡು, ಪಡುಬಿದ್ರಿ ತೀರಗಳನ್ನು ನಿತ್ಯ ಗುಡಿಸಲು ಸಿಬ್ಬಂದಿ ಇದ್ದಾರೆ. ಉಳಿದ ಹಳ್ಳಿಗಳಲ್ಲಿ ಈ ಕೆಲಸ ಯುವಕ ಮಂಡಲ, ಭಜನಾ ಮಂದಿರ, ಸ್ತ್ರೀಶಕ್ತಿ ಸಂಘ, ಶಾಲಾ ಮಕ್ಕಳ ಪಾಲಿನದು. ಬ್ಯಾನರ್ ಕಟ್ಟಿ ವರ್ಷಕ್ಕೊಮ್ಮೆ ನೂರು ಜನ ಸೇರುವುದಕ್ಕಿಂತ, ಊರಿನ ಹತ್ತು ಮಂದಿ ವಾರಕ್ಕೊಂದು ತಾಸು ದುಡಿಯುವುದು ಹೆಚ್ಚು ಫಲ ಕೊಡುತ್ತದೆ.

ನಿಜವಾದ ತೊಡಕು ಚೀಲ ತುಂಬಿದ ಮೇಲಿನದು. ಉಪ್ಪು, ಮರಳು ಮೆತ್ತಿದ ಪ್ಲಾಸ್ಟಿಕ್ಕನ್ನು ಗುಜರಿಯವರು ಸುಲಭಕ್ಕೆ ಕೊಳ್ಳುವುದಿಲ್ಲ. ಪಂಚಾಯತಿಯ ವಾಹನವನ್ನು ಮೊದಲೇ ಗೊತ್ತುಮಾಡದಿದ್ದರೆ ಗಾಳಿಮರದಡಿ ಬಿಟ್ಟ ಚೀಲಗಳನ್ನು ನಾಯಿಗಳು ಹರಿದು, ಕಸ ಮತ್ತೆ ನೀರು ಸೇರುತ್ತದೆ. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ಹಲವು ಪಂಚಾಯತಿಗಳ ಒಣಕಸವನ್ನು ಒಟ್ಟಾಗಿ ಬೇರ್ಪಡಿಸುವ ಘಟಕವಿದೆ. ಅಂಥ ಏರ್ಪಾಡು ಹತ್ತಿರವಿದ್ದರೆ ಸ್ವಯಂಸೇವಕರ ಶ್ರಮ ವ್ಯರ್ಥವಾಗದು. ಹೆಕ್ಕಿದ್ದೇನೆಂದು ಬರೆದಿಡುವುದೂ ಕೆಲಸದ ಭಾಗವೇ. ಪಟ್ಟಿಯಲ್ಲಿ ಬಲೆಯೇ ಹೆಚ್ಚಿದ್ದರೆ ಹಳೆಯ ಬಲೆ ಒಪ್ಪಿಸಲು ಬಂದರಿನಲ್ಲಿ ಜಾಗ ಕೇಳಬಹುದು. ಹಾಲಿನ ಪೊಟ್ಟಣ, ಔಷಧಿಯ ಬಾಟಲಿ ಹೆಚ್ಚಿದ್ದರೆ ಹೊಳೆಯ ಮೇಲಿನ ಪಂಚಾಯತಿಗಳ ಮುಂದೆ ಆ ಲೆಕ್ಕವನ್ನು ಇಡಬಹುದು.