ಬಂಗುಡೆಯ ಹೊಟ್ಟೆಯಲ್ಲಿ ಕಡಲ ಸುದ್ದಿ

ಚೌತಿ ಕಳೆದ ಮೇಲೆ ಬರುವ ಬಂಗುಡೆಯ ಹೊಟ್ಟೆ ಸೀಳಿದರೆ ಒಳಗೆ ಹಸಿರು ಮಿಶ್ರಿತ ಕಂದು ಬಣ್ಣದ ಲೇಹ ಇರುತ್ತದೆ. ಬೆರಳಿಗೆ ನುಣ್ಣಗೆ ಹತ್ತುತ್ತದೆ, ಮೂಗಿಗೆ ಹಿಡಿದರೆ ಪಾಚಿ ವಾಸನೆ. ಹೊನ್ನಾಳಿಯಲ್ಲಿ ಮೀನಂಗಡಿ ಇಟ್ಟುಕೊಂಡಿರುವ ನನಗೆ ಸಮುದ್ರ ಕಾಣುವುದಿಲ್ಲ, ಕಾಣುವುದು ತುಂಗಭದ್ರೆ. ಆದರೂ ಕಡಲು ಈಗ ಹೇಗಿದೆ ಅಂತ ಆ ಲೇಹ ನೋಡಿ ಹೇಳಬಲ್ಲೆ.

ಹೊಳೆದಂಡೆಯ ನಮಗೆ ಹೊಸ ನೀರು ಅಂದರೆ ಮಲೆನಾಡಿನಿಂದ ಇಳಿದು ಬರುವುದು. ಮುಂಗಾರಿನ ಕೆಂಪು ನೀರು ಬಂತೆಂದರೆ ಮೀನು ಎದುರು ಈಜಿ ಹತ್ತುತ್ತವೆ, ಬಲೆ ಹೊತ್ತವರು ಹೊಳೆ ಕಡೆ ಓಡುತ್ತಾರೆ. ಕಡಲಿಗೂ ವರ್ಷಕ್ಕೊಮ್ಮೆ ಹೊಸ ನೀರು ಬರುತ್ತದೆ, ಆದರೆ ಬುಡದಿಂದ. ಇದು ನನಗೆ ಅರ್ಥವಾಗಲು ಬಹಳ ವರ್ಷ ಹಿಡಿಯಿತು. ಮಳೆಗಾಲದ ಗಾಳಿ ಕರಾವಳಿಯುದ್ದಕ್ಕೂ ಬೀಸುವಾಗ ಮೇಲಿನ ಬೆಚ್ಚನೆ ನೀರು ದಡ ಬಿಟ್ಟು ಆಚೆ ಸರಿಯುತ್ತದೆ. ಆ ಜಾಗ ತುಂಬಲು ಕೆಳಗಿನ ತಣ್ಣನೆ ನೀರು ಏಳುತ್ತದೆ. ಆಳದಲ್ಲಿ ಸೇರಿಕೊಂಡಿದ್ದ ಸತ್ವವೂ ಅದರ ಜೊತೆ ಮೇಲೆ ಬರುತ್ತದೆ. ಗದ್ದೆಗೆ ಕೊಟ್ಟಿಗೆ ಗೊಬ್ಬರ ಹೊಡೆದ ಹಾಗೆ. ಬಿಸಿಲು ತಾಗಿತೋ, ಬರಿಗಣ್ಣಿಗೆ ಕಾಣದ ಸಸ್ಯಗಳು ಕೋಟಿಗಟ್ಟಲೆ ಹುಟ್ಟುತ್ತವೆ. ಅವನ್ನು ತಿನ್ನುವ ಸೂಕ್ಷ್ಮ ಜೀವಿಗಳು ಹೆಚ್ಚುತ್ತವೆ. ಎರಡನ್ನೂ ಮೇಯಲು ಬೂತಾಯಿ, ಬಂಗುಡೆಗಳು ಹಿಂಡುಹಿಂಡಾಗಿ ದಡದ ಕಡೆ ಬರುತ್ತವೆ. ನನ್ನ ಮಣೆ ಮೇಲಿನ ಲೇಹ ಆ ಮೇವೇ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಉಪಗ್ರಹದ ಮೂಲಕ ನೀರಿನ ಬಿಸಿ ಮತ್ತು ಹಸಿರು ನೋಡಿ, ಮೀನು ಸಿಗಬಹುದಾದ ಜಾಗವನ್ನು ಮೀನುಗಾರರಿಗೆ ತಿಳಿಸುತ್ತದೆ. ಅವರು ಆಕಾಶದಿಂದ ನೋಡುವ ಹಸಿರನ್ನೇ ನಾನು ಚಾಕುವಿನ ತುದಿಯಲ್ಲಿ ನೋಡುತ್ತೇನೆ.

ಹಾಗೆ ಎದ್ದ ನೀರಿನಲ್ಲಿ ಆಮ್ಲಜನಕ ಕಡಿಮೆ. ಅದಕ್ಕೇ ತಳದಲ್ಲಿ ಬದುಕುವ ಕೆಲವು ಮೀನು ದಡದ ಹತ್ತಿರಕ್ಕೆ ಸರಿಯುತ್ತವೆ. ಈ ದಿನಗಳ ಪೆಟ್ಟಿಗೆಯಲ್ಲಿ ಅಂಥ ತಳದ ಮೀನಾದ ನಂಗು ಜಾಸ್ತಿ ಇರುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ಬೋಟುಗಳು ಕಡಲಿಗಿಳಿಯುವಂತಿಲ್ಲ. ನಾಡದೋಣಿಗಳಿಗಷ್ಟೇ ಅವಕಾಶ. ಆಗಸ್ಟ್‌ನಲ್ಲಿ ಸರ್ಕಾರ ಬಿಟ್ಟರೂ ಕಡಲು ಬಿಡಬೇಕಲ್ಲ. ಒಮ್ಮೆ ನೂಲಹುಣ್ಣಿಮೆಗೆ ಮಲ್ಪೆಗೆ ಹೋಗಿದ್ದೆ, ಸಮುದ್ರಪೂಜೆಯ ದಿನ. ಹಾಲು, ಹೂವು, ತೆಂಗಿನಕಾಯಿ ಬಿಟ್ಟು ಜನ ಕೈಮುಗಿಯುತ್ತಿದ್ದರು. ಅಲೆ ಇನ್ನೂ ಅಬ್ಬರಿಸುತ್ತಿತ್ತು, ದಡದ ನೀರು ರಾಡಿ. ಅಷ್ಟು ದೊಡ್ಡದನ್ನು ನಂಬಿ ಮನೆಮಕ್ಕಳನ್ನು ಕಳಿಸುವವರ ನಡುವೆ ನಿಂತು ನಾನೂ ಕೈಮುಗಿದೆ.

ರಾತ್ರಿ ಎಂಟಕ್ಕೆ ಮಲ್ಪೆಯ ಸಾಹುಕಾರರಿಗೆ ಫೋನ್ ಮಾಡುತ್ತೇನೆ. ಶ್ರಾವಣದಲ್ಲಿ ಉತ್ತರ ಹೆಚ್ಚುಕಡಿಮೆ ಒಂದೇ: "ಗಾಳಿ ಉಂಟು ಮಾರಾಯ್ರೆ, ಬೋಟು ಹೊರಗೆ ಹೋಗ್ಲಿಲ್ಲ. ನಾಳೆ ನೋಡುವ." ನಮ್ಮ ಕಡೆ ಶ್ರಾವಣ ಹಿಡಿಯುವ ಮನೆಗಳು ಬಹಳ, ಹಾಗಾಗಿ ನನಗೂ ಅವಸರವಿರುವುದಿಲ್ಲ. ಭಾದ್ರಪದದಲ್ಲಿ ಅದೇ ದನಿಗೆ ಬೇರೆ ಕಳೆ: "ಕಡಲು ಶಾಂತ ಉಂಟು. ಬಂಗುಡೆ ರಾಶಿ ಬಿದ್ದಿದೆ, ಎಷ್ಟು ಪೆಟ್ಟಿಗೆ ಹಾಕುವ?"

ಅಪ್ಪನ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಅವರು ಜಗಳೂರು ಸಂತೆಗೆ ಒಯ್ಯುತ್ತಿದ್ದದ್ದು ಒಣಮೀನು. ಹಸಿಮೀನು ಬೇಕೆಂದವರಿಗೆ ಚನ್ನಗಿರಿ ಸೂಳೆಕೆರೆಯದ್ದೋ ನಮ್ಮ ಹೊಳೆಯದ್ದೋ. ಐಸ್ ಪೆಟ್ಟಿಗೆ ಬಂದ ಮೇಲೆ ಕಡಲೇ ಹುಲಿಕಲ್ ಘಾಟಿ ಹತ್ತಿ ಬರತೊಡಗಿತು.

ಹತ್ತಿ ಬರುವುದು ಸುಲಭವಲ್ಲ. ಚೆನ್ನಾಗಿ ಮೇದ ಮೀನು ಬೇಗ ಕೆಡುತ್ತದೆ, ಇದನ್ನು ಗಿರಾಕಿಗಳೂ ತಿಳಿದಿರಬೇಕು. ಮೇವು ಅರಗಿಸುವ ರಸ ಮೀನು ಸತ್ತ ಮೇಲೂ ಕೆಲಸ ನಿಲ್ಲಿಸುವುದಿಲ್ಲ, ಹೊಟ್ಟೆಯ ಗೋಡೆಯನ್ನೇ ತಿನ್ನುತ್ತದೆ. ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸ್ ಬೇಕು. ಒಂದು ಸೆಪ್ಟೆಂಬರಿನಲ್ಲಿ ಘಾಟಿಯಲ್ಲಿ ಮಣ್ಣು ಕುಸಿದು ಗಾಡಿ ಅರ್ಧ ದಿನ ನಿಂತಿತು. ಮುಚ್ಚಳ ತೆಗೆದಾಗ ಬೂತಾಯಿಗಳ ಹೊಟ್ಟೆ ಒಡೆದಿದ್ದವು. ಕಣ್ಣು, ಕಿವಿರು ನೋಡಿದರೆ ಮಾರಬಹುದಿತ್ತು. ಮಾರಲಿಲ್ಲ, ಎರಡು ಪೆಟ್ಟಿಗೆ ಗುಂಡಿಗೆ ಹಾಕಿದೆ. ಅಂದಿನಿಂದ ಈ ತಿಂಗಳಲ್ಲಿ ಕಣ್ಣಿಗಿಂತ ಮೊದಲು ಹೊಟ್ಟೆ ಒತ್ತಿ ನೋಡುತ್ತೇನೆ, ಗಿರಾಕಿಗಳಿಗೂ ಅದನ್ನೇ ಕಲಿಸಿದ್ದೇನೆ.

ಮರಿಮೀನಿನ ಪೆಟ್ಟಿಗೆ ಬಂದರೆ ವಾಪಸ್ ಕಳಿಸುತ್ತೇನೆ. ಕೇರಳದಲ್ಲಿ 14 ಸೆಂಟಿಮೀಟರಿಗಿಂತ ಚಿಕ್ಕ ಬಂಗುಡೆ, 10 ಸೆಂಟಿಮೀಟರಿಗಿಂತ ಚಿಕ್ಕ ಬೂತಾಯಿ ಹಿಡಿಯಬಾರದೆಂದು ನಿಯಮವಿದೆ. ನನ್ನ ತಕ್ಕಡಿ ಪಕ್ಕದ ಮರದ ಪಟ್ಟಿಗೆ ಆ ಎರಡೂ ಗೆರೆ ಕೊರೆದಿದ್ದೇನೆ. ಅಗ್ಗಕ್ಕೆ ಸಿಗುತ್ತದೆಂದು ಮರಿ ತಿಂದರೆ ಮುಂದಿನ ವರ್ಷ ನಾವು ತಿನ್ನುವುದೇನು?

ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ಬೆಳಕು ಹರಿಯುವ ಮೊದಲೇ ಅಂಗಡಿ ಮುಂದೆ ಜನ. ಕಳೆದ ವರ್ಷ ನ್ಯಾಮತಿಯಿಂದ ಮೊದಲ ಬಸ್ಸಿಗೆ ಬಂದ ಅಜ್ಜಿಯೊಬ್ಬರು ಎರಡೇ ಬಂಗುಡೆ ಕೇಳಿದರು. "ನಮ್ ಯಜಮಾನ್ರಿಗೆ ಇದು ಅಂದ್ರೆ ಬಾಳ ಆಸೆ ಕಣಪ್ಪಾ, ಎಡೆಗೆ ಇಡಬೇಕು." ಪೆಟ್ಟಿಗೆಯ ಅಡಿಯಿಂದ, ಐಸಿನಲ್ಲಿ ಹೂತಿದ್ದ ಗಟ್ಟಿ ಹೊಟ್ಟೆಯ ಎರಡನ್ನು ತೆಗೆದೆ. "ಅಜ್ಜಿ, ಹೊಟ್ಟೆ ಇಲ್ಲೇ ತೆಗೆದುಕೊಡ್ತೀನಿ, ಮನೆಗೆ ಹೋದೋಳೇ ಉಪ್ಪು ಅರಿಶಿನ ಹಚ್ಚಿಬಿಡು" ಅಂದೆ. ಸೀಳಿದೆ. ಒಳಗೆ ಹಸಿರು ಲೇಹ ತುಂಬಿತ್ತು.