ನೋವು ಹೋಯಿತೆಂದು ಮರೆಯಬೇಡಿ: ಹಲ್ಲಿನ ತಾತ್ಕಾಲಿಕ ಸಿಮೆಂಟಿಗೆ ಆಯುಷ್ಯ ಕಡಿಮೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಅನೇಕರು ರೂಟ್ ಕೆನಾಲ್ ಮಾಡಿಸಲು ಬೆಳಗಾವಿಗೋ ಧಾರವಾಡಕ್ಕೋ ಹೋಗುತ್ತಾರೆ. ಮೊದಲ ಭೇಟಿಯಲ್ಲೇ ನೋವು ಇಳಿಯುತ್ತದೆ. ಹಲ್ಲಿನ ರಂಧ್ರಕ್ಕೆ ವೈದ್ಯರು ತಾತ್ಕಾಲಿಕ ಸಿಮೆಂಟ್ ತುಂಬಿ, ಮತ್ತೆ ಬರಲು ತಾರೀಖು ಕೊಡುತ್ತಾರೆ. ಆದರೆ ಸುಗ್ಗಿ ಮುಗಿಯಲಿ, ಮದುವೆ ಮುಗಿಯಲಿ, ರಂಜಾನ್ ಕಳೆಯಲಿ ಎನ್ನುತ್ತಾ ತಿಂಗಳುಗಳು ಉರುಳುತ್ತವೆ.

ಈ ಸಿಮೆಂಟ್ ಬಹುಕಾಲ ಬಾಳಲೆಂದು ಮಾಡಿದ್ದಲ್ಲ. ಮತ್ತೆ ಸುಲಭವಾಗಿ ತೆಗೆಯಲು ಬರಲೆಂದೇ ಅದರ ಬಲ ಕಡಿಮೆ. ಇದರಲ್ಲಿ ಹಳೆಯ ಬಗೆಯೊಂದು ಝಿಂಕ್ ಆಕ್ಸೈಡ್ ಪುಡಿಗೆ ಯುಜೆನಾಲ್ ಬೆರೆಸಿದ್ದು. ಲವಂಗದೆಣ್ಣೆಯ ಮುಖ್ಯ ಅಂಶವೇ ಯುಜೆನಾಲ್. ಮಿಶ್ರಣ ಕೆಲವು ನಿಮಿಷಗಳಲ್ಲಿ ಬಿಗಿಯುತ್ತದೆ, ಮೊದಲ ದಿನ ಇನ್ನಷ್ಟು ಗಟ್ಟಿಯಾಗುತ್ತದೆ. ಆಮೇಲೆ ಜೊಲ್ಲಿನ ತೇವಕ್ಕೆ ಯುಜೆನಾಲ್ ಸ್ವಲ್ಪಸ್ವಲ್ಪವಾಗಿ ಹೊರಹೋಗಿ ಸಿಮೆಂಟ್ ಸಡಿಲವಾಗುತ್ತದೆ. ಅಗಿಯುವ ಒತ್ತಡಕ್ಕೆ ಅಂಚು ಸವೆದು ಸಂದು ಬೀಳುತ್ತದೆ. ಆ ಸಂದಿನಿಂದ ಜೊಲ್ಲು, ರೋಗಾಣು ಒಳಗಿಳಿಯುತ್ತವೆ.

ಅಪಾಯ ಇರುವುದು ಇಲ್ಲೇ. ನರ ತೆಗೆದ ಹಲ್ಲು ಒಳಗೆ ಕೆಡುತ್ತಿದ್ದರೂ ಬೇಗ ನೋಯುವುದಿಲ್ಲ. ನೋವಿಲ್ಲ ಎಂದರೆ ಸಿಮೆಂಟ್ ಗಟ್ಟಿಯಾಗಿದೆ ಎಂದಲ್ಲ. ತಡವಾದರೆ ಚಿಕಿತ್ಸೆಯನ್ನು ಮೊದಲಿನಿಂದ ಮಾಡಬೇಕಾದೀತು. ಹಲ್ಲು ಸೀಳಿದರೆ ಕೀಳಿಸಬೇಕಾಗಲೂಬಹುದು.

ಸಾಮಾನ್ಯವಾಗಿ ಎರಡು-ಮೂರು ವಾರಗಳೊಳಗೆ ಮರಳಿ ಹೋಗುವುದು ಒಳ್ಳೆಯದು. ಕೆಲವು ಗಟ್ಟಿ ಬಗೆಯವು ಹೆಚ್ಚು ದಿನ ತಡೆಯುತ್ತವೆ. ಆದ್ದರಿಂದ 'ಇದು ಎಷ್ಟು ದಿನಕ್ಕೆ?' ಎಂದು ವೈದ್ಯರನ್ನೇ ಕೇಳಿ, ತಾರೀಖನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ರಂಜಾನ್ ಹತ್ತಿರವಿದ್ದರೆ ಮೊದಲೇ ತಿಳಿಸಿ. ಎರಡೂ ಭೇಟಿಗಳನ್ನು ಅದಕ್ಕೆ ಮುಂಚೆ ಮುಗಿಸಲು ಸಾಧ್ಯವೇ ನೋಡಿ.

ಸಿಮೆಂಟ್ ಹಾಕಿಸಿಕೊಂಡ ಮೇಲೆ ಒಂದು ಗಂಟೆ ಏನೂ ತಿನ್ನಬೇಡಿ. ಕಟಕ ರೊಟ್ಟಿ, ಚಿಕ್ಕಿ, ಮಾಂಸದ ಎಲುಬು, ಅಂಟುವ ಖರ್ಜೂರ ಆ ಬದಿಗೆ ಬೇಡ. ಹಲ್ಲುಜ್ಜುವುದನ್ನು ಮಾತ್ರ ಬಿಡಬೇಡಿ, ಮೆಲ್ಲಗೆ ಉಜ್ಜಿ.

ಸಿಮೆಂಟ್ ಉದುರಿದರೆ ರಂಧ್ರಕ್ಕೆ ಹತ್ತಿ, ತಂಬಾಕು ತುರುಕಬೇಡಿ. ತಾತ್ಕಾಲಿಕ ಕ್ಯಾಪ್ ಕಳಚಿದರೆ ತೊಳೆದು ಡಬ್ಬಿಯಲ್ಲಿಟ್ಟು ವೈದ್ಯರ ಬಳಿ ಒಯ್ಯಿರಿ. ಅಂಗಡಿಯ ಗೋಂದು ಹಚ್ಚಿ ಕೂಡಿಸುವ ಸಾಹಸ ಖಂಡಿತ ಬೇಡ.

ನಿಮ್ಮ ಮನೆಯಲ್ಲಿ ಯಾರದಾದರೂ ಹಲ್ಲು ಇನ್ನೂ ತಾತ್ಕಾಲಿಕ ಸಿಮೆಂಟಿನ ಮೇಲೇ ಇದೆಯೇ? ಇವತ್ತೇ ವಿಚಾರಿಸಿ. ಒಂದು ದಿನದ ಬಸ್ ಪ್ರಯಾಣದಿಂದ ಒಂದು ಹಲ್ಲು ಉಳಿಯಬಹುದು.