ಯಾರದೋ ಕೂಸಿಗೆ ನೀಡಿದ ಕೈ

ಹಾವೇರಿಯಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯ ಪಕ್ಕದಲ್ಲಿ ಗೊಟಗೋಡಿ ಎಂಬ ಊರಿದೆ. ಶಿಗ್ಗಾಂವಿ ತಾಲೂಕಿನ ಸಣ್ಣ ಊರು. ಹೆಸರು ಮಾತ್ರ ಈಗ ದೊಡ್ಡದಾಗಿದೆ. ಕಲಾವಿದ ಟಿ. ಬಿ. ಸೊಲಬಕ್ಕನವರು ನಿರ್ಮಿಸಿದ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಉತ್ತರ ಕರ್ನಾಟಕದ ಹಳ್ಳಿಯ ಬಾಳುವೆ ಆಳೆತ್ತರದ ಪ್ರತಿಮೆಗಳಾಗಿ ನಿಂತಿದೆ. 2011ರಲ್ಲಿ ಸ್ಥಾಪಿತವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೂ ಇಲ್ಲಿಯದೇ. ಹಳ್ಳಿಗರ ನಡೆನುಡಿಯನ್ನು ವಿದ್ಯೆಯೆಂದು ಎಣಿಸಿ ಅಭ್ಯಾಸ ಮಾಡುವ ಈ ಊರಿನ ಸುತ್ತುಮುತ್ತ, ಬಸುರಿಯನ್ನು ಓಣಿಯೇ ಕೂಡಿ ಆದರಿಸುವ ಒಂದು ಆಚಾರ ಇಂದಿಗೂ ಉಳಿದುಬಂದಿದೆ. ಅದೇ ಕುಬಸ.

ಚೊಚ್ಚಲ ಬಸುರಿಗೆ ಐದನೆಯ ಇಲ್ಲವೆ ಏಳನೆಯ ತಿಂಗಳು ನಡೆಯುತ್ತಿರಲು ತವರಿನವರು ಬುತ್ತಿ ಹೊತ್ತು ಬರುವರು. ಬುತ್ತಿಯೆಂದರೆ ಒಬ್ಬರ ಊಟವಲ್ಲ; ಬುಟ್ಟಿ ಬುಟ್ಟಿ ಹೋಳಿಗೆ, ಕರಿಗಡಬು, ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಶೇಂಗಾದುಂಡೆ, ಚಟ್ನಿಪುಡಿ, ಮೊಸರನ್ನ — ಓಣಿಗೆಲ್ಲ ಹಂಚಿ ಮಿಗುವಷ್ಟು. ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಖಣದ ಕುಬಸ ತೊಡಿಸಿ, ಹೂವಿನ ದಂಡೆ ಮುಡಿಸಿ ಮುತ್ತೈದೆಯರು ಉಡಿ ತುಂಬುವರು: ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಬೆಲ್ಲ, ಅರಿಷಿಣದ ಬೇರು, ಅಡಿಕೆ, ಬಾಳೆಹಣ್ಣು. ಇದಕ್ಕೂ ಮುನ್ನ ಬಂಧುಗಳೋ ನೆರೆಯವರೋ ಸದ್ದಿಲ್ಲದೆ ಮಾಡುವ ‘ಕಳ್ಳ ಕುಬಸ’ವೂ ಉಂಟು, ಹೆಸರು ಕಳ್ಳತನದ್ದು, ಕೆಲಸ ಅಂತಃಕರಣದ್ದು. ಶಾಸ್ತ್ರವನ್ನು ಬದಿಗಿಟ್ಟು ನೋಡಿದರೂ ಇದರ ಜಾಣ್ಮೆ ಕಾಣದಿರದು. ಎಳ್ಳು, ಬೆಲ್ಲ, ಶೇಂಗಾ, ಸಜ್ಜೆ ಇವೆಲ್ಲ ಬಸುರಿಯ ಮೈಗೆ ಬೇಕಾದವು. ಎಲ್ಲರದೂ ಮುಗಿದ ಮೇಲೆ ಉಣ್ಣುವ ಸೊಸೆಗೆ ಒಂದು ದಿನವಾದರೂ ಮೊದಲ ತಾಟು ಸಿಕ್ಕುವುದು ಇನ್ನೂ ಬೇಕಾದುದು.

ಆದರೆ ಆ ಸಡಗರದ ಮನೆಯಲ್ಲಿಯೇ ಬಾಗಿಲ ಮರೆಗೆ ಸರಿದು ನಿಲ್ಲುವ ಒಬ್ಬಳಿರುವುದುಂಟು. ಅವಳು ಗಂಡನನ್ನು ಕಳೆದುಕೊಂಡವಳಾಗಿರಬಹುದು, ಹೆತ್ತ ಕೂಸನ್ನು ಮಣ್ಣಿಗಿಟ್ಟು ಬಂದವಳಾಗಿರಬಹುದು, ಹೆರದೆಯೇ ಉಳಿದವಳಾಗಿರಬಹುದು. ಹೋಳಿಗೆ ಬೇಯಿಸಲು ಅವಳ ಕೈ ಬೇಕು, ಉಡಿ ತುಂಬಲು ಬೇಡ. ಯಾರೂ ಬೈದು ಅಟ್ಟುವುದಿಲ್ಲ. ಅವಳೇ ತಿಳಿದು ಹಿಂದಾಗುವಳು. ಕೂಸನ್ನು ಕಳೆದುಕೊಂಡ ಕೈ ಸೋಕಿದರೆ ಬಸುರಿಗೆ ಕೇಡೆಂಬ ಅಂಜಿಕೆ ನಮ್ಮ ಜನದಲ್ಲಿ ಬಹಳ ಹಳೆಯದು. ತಾಯಿ-ಕೂಸುಗಳ ಕ್ಷೇಮಕ್ಕಾಗಿ ದುಡಿದ ಧರ್ಮಕಾರ್ಯಗಳ ಚರಿತ್ರೆಯನ್ನು ತೆರೆದು ನೋಡಿದರೆ ಈ ಅಂಜಿಕೆ ತಲೆಕೆಳಗಾಗುತ್ತದೆ. ಅಲ್ಲಿ ಮುಂದೆ ನಿಂತು ನೀಡಿದ ಕೈಗಳಲ್ಲಿ ಎಷ್ಟೋ ಕೈಗಳು ಹೀಗೆ ಬಾಗಿಲ ಮರೆಗೆ ಸರಿಯಬೇಕಾದವರವೇ.

ಕಸ್ತೂರಬಾ ನಿಧಿ

ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. 1944ರ ಫೆಬ್ರವರಿ 22ರಂದು ಪುಣೆಯ ಆಗಾಖಾನ್ ಅರಮನೆಯ ಸೆರೆಯಲ್ಲಿ ಕಸ್ತೂರಬಾ ಗಾಂಧಿಯವರು ತೀರಿಕೊಂಡರು. ಅವರ ನೆನಪಿಗೆ 75 ಲಕ್ಷ ರೂಪಾಯಿಗಳ ನಿಧಿ ಕೂಡಿಸಬೇಕೆಂದು ದೇಶದ ಮುಂದಾಳುಗಳು ನಿಶ್ಚಯಿಸಿದರು. ಅದೇ ವರ್ಷದ ಅಕ್ಟೋಬರ್ 2ರಂದು ಗಾಂಧೀಜಿಗೆ 75 ವರ್ಷ ತುಂಬುವುದಿತ್ತು. ಯುದ್ಧದ ಕಾಲ, ತುಟ್ಟಿಯ ಕಾಲ. ಆದರೂ ಕೂಡಿದ ಹಣ ಒಂದು ಕೋಟಿಯನ್ನು ದಾಟಿತು. ಅದು ಹಳ್ಳಿಯ ಹೆಂಗಸರ ಮತ್ತು ಮಕ್ಕಳ ಸೇವೆಗೇ ಮೀಸಲಾಯಿತು. ಕರ್ನಾಟಕದಲ್ಲಿ ಯಶೋಧರಾ ದಾಸಪ್ಪನವರ ಶ್ರಮದಿಂದ ಅರಸೀಕೆರೆಯಲ್ಲಿ ಈ ನಿಧಿಯ ಕೆಲಸ ಬೇರೂರಿತು.

ನಿಧಿಯ ಹೆಸರಿನ ಹಿಂದಿದ್ದ ತಾಯಿಯ ದುಃಖವನ್ನು ನೆನೆಯುವವರು ಕಡಮೆ. ಕಸ್ತೂರಬಾ ಅವರ ಚೊಚ್ಚಲ ಕೂಸು ಮೂರು ನಾಲ್ಕು ದಿನಗಳಿಗಿಂತ ಹೆಚ್ಚು ಉಸಿರಾಡಲಿಲ್ಲ. ಗಾಂಧೀಜಿಯವರು ಆತ್ಮಕಥೆಯಲ್ಲಿ ಈ ಸಂಗತಿಯನ್ನು ನಾಚಿಕೆಯೊಡನೆ ದಾಖಲಿಸಿರುವರು. ತಾಯಿಯ ಸಂಕಟಕ್ಕೆ ಮಾತ್ರ ಅಲ್ಲಿ ಸ್ಥಳ ದೊರೆತಿಲ್ಲ. ಆ ಹುಡುಗಿಗೆ ಆಗ ಹದಿನಾರು ಹದಿನೇಳರ ಪ್ರಾಯ. ಆರು ದಶಕಗಳ ತರುವಾಯ ಅವಳ ಹೆಸರಿನಲ್ಲಿ ಜನ ನೀಡಿದ ಕಾಸು ಅನ್ಯರ ಕೂಸುಗಳಿಗೆ ಮುಟ್ಟಿತು.

ಹತ್ತು ಸೆಂಟಿನ ನಾಣ್ಯಗಳು

ಅಮೆರಿಕದಲ್ಲಿ ನಡೆದ ಕಥೆ ಇದಕ್ಕೂ ಕೆಲವು ವರ್ಷ ಹಿಂದಿನದು. ಫ್ರಾಂಕ್ಲಿನ್ ರೂಸ್‌ವೆಲ್ಟ್ 1921ರಲ್ಲಿ, 39ನೆಯ ವಯಸ್ಸಿನಲ್ಲಿ, ಕಾಯಿಲೆ ಬಿದ್ದು ಕಾಲುಗಳ ಶಕ್ತಿ ಕಳೆದುಕೊಂಡರು. ವೈದ್ಯರು ಅದನ್ನು ಪೋಲಿಯೊ ಎಂದರು. ಮುಂದೆ ಅಧ್ಯಕ್ಷರಾಗಿ, 1938ರ ಜನವರಿಯಲ್ಲಿ ಆ ರೋಗದ ವಿರುದ್ಧ ಹೋರಾಡುವ ಸಂಸ್ಥೆಯೊಂದನ್ನು ಸ್ಥಾಪಿಸಿದರು. ಎಡ್ಡಿ ಕ್ಯಾಂಟರ್ ಎಂಬ ಹಾಸ್ಯನಟ ರೇಡಿಯೋದಲ್ಲಿ ಒಂದು ಕೋರಿಕೆ ಮುಂದಿಟ್ಟ: ಪ್ರತಿಯೊಬ್ಬರೂ ಒಂದು ಡೈಮನ್ನು, ಅಂದರೆ ಡಾಲರಿನ ಹತ್ತರಲ್ಲೊಂದು ಪಾಲಿನ ನಾಣ್ಯವನ್ನು, ನೇರವಾಗಿ ಶ್ವೇತಭವನಕ್ಕೆ ಅಂಚೆಯಲ್ಲಿ ಕಳಿಸಲಿ. ಆಗ ಪ್ರಸಿದ್ಧವಾಗಿದ್ದ ‘ಮಾರ್ಚ್ ಆಫ್ ಟೈಮ್’ ಎಂಬ ವಾರ್ತಾಚಿತ್ರದ ಹೆಸರನ್ನು ತಿರುಚಿ ಇದಕ್ಕೆ ‘ಮಾರ್ಚ್ ಆಫ್ ಡೈಮ್ಸ್’ ಎಂದು ಹೆಸರಿಟ್ಟ. ಬಂದು ಬಿದ್ದ ನಾಣ್ಯಗಳು 26,80,000! ಶ್ವೇತಭವನದ ಟಪಾಲು ಗುಮಾಸ್ತರ ಪಾಡನ್ನು ಓದುಗರೇ ಊಹಿಸಿಕೊಳ್ಳಬಹುದು. ರಾಜ್ಯಭಾರದ ಕಾಗದಗಳು ಮಕ್ಕಳ ಲಕೋಟೆಗಳ ಕೆಳಗೆ ಹುಗಿದುಹೋದವು.

1950ರ ಜನವರಿಯಲ್ಲಿ ಅರಿಜೋನಾ ಸಂಸ್ಥಾನದ ಫೀನಿಕ್ಸ್ ನಗರದಲ್ಲಿ ತಾಯಂದಿರು ಬೀದಿಗಿಳಿದರು. ಕೊಡಲು ಮನಸ್ಸಿದ್ದವರು ಮನೆಯ ಮುಂದಿನ ದೀಪ ಹಚ್ಚಿಡಬೇಕು. ದೀಪ ಕಂಡ ಬಾಗಿಲಿಗಷ್ಟೇ ಹೋಗುವುದು. 2,300 ಹೆಂಗಸರು ಒಂದೇ ಗಂಟೆಯಲ್ಲಿ ಸುಮಾರು 45,000 ಡಾಲರು ಕೂಡಿಸಿ ತಂದರು. ಬೇಡುವವಳಿಗೆ ಸಂಕೋಚವಿಲ್ಲ, ಕೊಡಲಾರದವನಿಗೆ ಅವಮಾನವಿಲ್ಲ, ದೀಪವೇ ಮಾತಾಡಿಬಿಡುತ್ತದೆ. ಚಂದಾ ಪುಸ್ತಕ ಹಿಡಿದು ಮನೆಮನೆ ಅಲೆದವರಿಗೆ ಈ ಉಪಾಯದ ಬೆಲೆ ಗೊತ್ತಾದೀತು.

ಹಣ ಕೊಟ್ಟವರು 1954ರಲ್ಲಿ ಇನ್ನೂ ದೊಡ್ಡದನ್ನು ಕೊಡಬೇಕಾಯಿತು: ತಮ್ಮ ಮಕ್ಕಳನ್ನೇ. ಜೋನಸ್ ಸಾಲ್ಕ್ ಸಿದ್ಧಪಡಿಸಿದ ಲಸಿಕೆಯ ಪರೀಕ್ಷೆಗೆ ಸುಮಾರು 18 ಲಕ್ಷ ಶಾಲಾಮಕ್ಕಳು ಸೇರಿದರು. ಕೆಲವರಿಗೆ ಲಸಿಕೆ, ಕೆಲವರಿಗೆ ಬರಿಯ ನಿಸ್ಸತ್ವ ದ್ರಾವಣ, ಉಳಿದವರು ಕೇವಲ ಗಮನಿಸಲ್ಪಡುವವರು. ಸೂಜಿಯಲ್ಲಿ ಏನಿದೆಯೆಂದು ತಿಳಿಯದೆಯೇ ತಾಯಂದಿರು ಮಕ್ಕಳ ತೋಳನ್ನು ಮುಂದೆ ಚಾಚಿಸಿದ ಸಂದರ್ಭಗಳೆಷ್ಟೋ. 1955ರ ಏಪ್ರಿಲ್ 12ರಂದು ಲಸಿಕೆ ಸಫಲವೆಂಬ ಸುದ್ದಿ ಹೊರಬಿತ್ತು.

ಗೆದ್ದ ಸಂಸ್ಥೆ ಬಾಗಿಲು ಹಾಕಬೇಕಿತ್ತು. ಹಾಕಲಿಲ್ಲ, 1958ರಲ್ಲಿ ಹುಟ್ಟುದೋಷಗಳ ಕಡೆಗೆ ತಿರುಗಿತು. ಗುರಿ ಮುಗಿದ ಮೇಲೆ ಹೊಸ ಗುರಿ ಹುಡುಕುವ ಸಂಸ್ಥೆಗಳ ವಿಷಯದಲ್ಲಿ ಸ್ವಲ್ಪ ಸಂದೇಹವಿರುವುದು ಒಳ್ಳೆಯದೇ. ಆದರೆ ಈ ಸಂಸ್ಥೆ ಮರುವರ್ಷ ಕರೆತಂದ ವೈದ್ಯೆಯನ್ನು ನೋಡಿದರೆ ಸಂದೇಹ ಕರಗುತ್ತದೆ. ಅವರು ವರ್ಜೀನಿಯಾ ಅಪ್‌ಗಾರ್. ಹುಟ್ಟಿದ ಕೂಸಿನ ಮೈಬಣ್ಣ, ನಾಡಿ, ಪ್ರತಿಕ್ರಿಯೆ, ಸ್ನಾಯುಬಲ, ಉಸಿರು — ಈ ಐದಕ್ಕೆ ತಲಾ ಎರಡರಂತೆ ಹತ್ತು ಅಂಕಗಳನ್ನು ಗೊತ್ತುಪಡಿಸಿ, ಹುಟ್ಟಿದ ಒಂದು ನಿಮಿಷಕ್ಕೇ ಅದರ ಸ್ಥಿತಿ ಅಳೆಯುವ ಕ್ರಮವನ್ನು 1952ರಲ್ಲಿ ಮುಂದಿಟ್ಟವರು. ಅಲ್ಲಿಯವರೆಗೆ ತಾಯಿಯ ಮೇಲಿದ್ದ ವೈದ್ಯರ ಕಣ್ಣು ಅಂದಿನಿಂದ ಕೂಸಿನ ಮೇಲೂ ಬಿತ್ತು. ಇಂದು ನಮ್ಮ ತಾಲೂಕಿನ ಆಸ್ಪತ್ರೆಗಳಲ್ಲಿ ಜನಿಸುವ ಕೂಸಿಗೂ ಸಿಕ್ಕುವ ಮೊದಲ ಅಂಕ ಅದೇ. ಅಪ್‌ಗಾರ್ ಮದುವೆಯಾಗಲಿಲ್ಲ, ಹೆರಲಿಲ್ಲ. ಕುಬಸದ ಮನೆಯಲ್ಲಿ ಅವರನ್ನು ಉಡಿ ತುಂಬಲು ಕರೆಯುತ್ತಿದ್ದರೆ?

1970ರಿಂದ ಆ ಸಂಸ್ಥೆಯ ಬೆಂಬಲಿಗರು ನಡೆಯತೊಡಗಿದರು. ಮೈಲಿಗಟ್ಟಲೆ ನಡೆಯುವುದು, ನಡೆದುದಕ್ಕೆ ಬಂಧುಮಿತ್ರರಿಂದ ಹಣ ಕೂಡಿಸುವುದು; ನಮ್ಮ ಪಂಢರಪುರದ ವಾರಿಯಂತೆ, ದೇವರು ಮಾತ್ರ ಬೇರೆ. ದಿನ ತುಂಬುವ ಮುನ್ನ ಹುಟ್ಟಿ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಕಳೆದು ಬದುಕಿದ ಮಗುವನ್ನು ಹೆಗಲಮೇಲೆ ಹೊತ್ತು ನಡೆಯುವವರು ಅಲ್ಲಿರುವರು. ಬದುಕದೆ ಹೋದ ಕೂಸಿನ ಹೆಸರನ್ನು ಅಂಗಿಯ ಮೇಲೆ ಅಚ್ಚು ಹಾಕಿಸಿಕೊಂಡು ನಡೆಯುವವರೂ ಇರುವರು. ಹೆತ್ತವರಲ್ಲದೆ ಬೇರಾರೂ ಕಾಣದ ಕೂಸಿನ ಹೆಸರನ್ನು ನಾಲ್ಕು ಮಂದಿ ಗಟ್ಟಿಯಾಗಿ ಓದುವುದು ಸಣ್ಣ ಸಮಾಧಾನವಲ್ಲ. ನಮ್ಮಲ್ಲಿ ಅಂಥ ಕೂಸಿಗೆ ಹೆಸರನ್ನೇ ಇಟ್ಟಿರುವುದಿಲ್ಲ.

ಪಾವಗಡದ ಅಜ್ಜಿ, ಬೆಳಗಾವಿಯ ಬಸುರಿಯರು

ನಮ್ಮ ನಾಡಿನಲ್ಲಿ ಸಂಸ್ಥೆಯಿಲ್ಲದೆ ಒಂದು ಸಂಸ್ಥೆಯ ಕೆಲಸ ಮಾಡಿದವರು ಪಾವಗಡ ತಾಲೂಕು ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ. ಓದುಬರಹವಿಲ್ಲ, ಅಜ್ಜಿಯಿಂದ ಕಲಿತ ವಿದ್ಯೆ. 1940ರಲ್ಲಿ, ಇಪ್ಪತ್ತರ ಪ್ರಾಯದಲ್ಲಿ, ಮೊದಲ ಹೆರಿಗೆ ಮಾಡಿಸಿದವರು ಬಾಳಿನುದ್ದಕ್ಕೂ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಕಾಸು ಮುಟ್ಟದೆ ಮಾಡಿಸಿದರು. ಅವರಿಗೆ 2018ರಲ್ಲಿ ಪದ್ಮಶ್ರೀ ಬಂದಿತು. ಅದೇ ವರ್ಷದ ಡಿಸೆಂಬರ್ 25ರಂದು 98ರ ವಯಸ್ಸಿನಲ್ಲಿ ತೀರಿಕೊಂಡರು. ಹೆತ್ತ ಹನ್ನೆರಡು ಮಕ್ಕಳಲ್ಲಿ ನಾಲ್ವರನ್ನು ಎಳವೆಯಲ್ಲೇ ಕಳೆದುಕೊಂಡ ಕೈಗಳು ಅವು.

ಬೆಳಗಾವಿ ಜಿಲ್ಲೆಯಲ್ಲಿ ನಡೆದುದು ಬೇರೊಂದು ಬಗೆಯ ದಾನ. ಹೆರಿಗೆಯ ಬಳಿಕ ರಕ್ತ ನಿಲ್ಲದೆ ಹರಿಯುವುದು ತಾಯಂದಿರ ಸಾವಿಗೆ ಮುಖ್ಯ ಕಾರಣ. ಅದನ್ನು ತಡೆಯುವ ಚುಚ್ಚುಮದ್ದಿಗೆ ತಂಪು ಬೇಕು, ಚುಚ್ಚಬಲ್ಲ ಕೈ ಬೇಕು. ಹಳ್ಳಿಯ ಮನೆಯಲ್ಲಿ ಎರಡೂ ಇಲ್ಲ. ಬಾಯಿಯಿಂದ ನುಂಗುವ ಮಿಸೊಪ್ರೊಸ್ಟಾಲ್ ಗುಳಿಗೆ ಆ ಕೆಲಸ ಮಾಡೀತೇ? ಕೆ.ಎಲ್.ಇ. ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯದವರು, ಅಮೆರಿಕದ ವಿಜ್ಞಾನಿಗಳೊಡನೆ ಸೇರಿ, 2002ರಿಂದ 2005ರವರೆಗೆ ಇದನ್ನು ಪರೀಕ್ಷಿಸಿದರು. ಒಪ್ಪಿ ಮುಂದೆ ಬಂದವರು 1,620 ಬಸುರಿಯರು. ಅರ್ಧ ಮಂದಿಗೆ ನಿಜವಾದ ಗುಳಿಗೆ, ಅರ್ಧ ಮಂದಿಗೆ ಅದರಂತೆಯೇ ಕಾಣುವ ಸತ್ವವಿಲ್ಲದ್ದು. ಕೊಡುವ ದಾದಿಗೂ ಯಾವುದು ಯಾವುದೆಂದು ತಿಳಿಯದು. 2006ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸತ್ವವಿಲ್ಲದ ಗುಳಿಗೆಯವರಲ್ಲಿ ನೂರಕ್ಕೆ 12 ಮಂದಿಗೆ ಹೆಚ್ಚು ರಕ್ತಸ್ರಾವವಾದರೆ, ಮದ್ದು ಪಡೆದವರಲ್ಲಿ ನೂರಕ್ಕೆ 6.4. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಈ ಗುಳಿಗೆಯನ್ನು ಈ ಕೆಲಸಕ್ಕಾಗಿ ಅವಶ್ಯಕ ಔಷಧಿಗಳ ಪಟ್ಟಿಗೆ ಸೇರಿಸಿತು.

ಹೆರಿಗೆಯ ನೋವಿನ ನಡುವೆ ಆ 1,620 ಮಂದಿ ಕೊಟ್ಟುದನ್ನು ಯಾವ ಚಂದಾ ಪುಸ್ತಕದಲ್ಲಿ ಬರೆಯುವುದು? ಕರ್ನಾಟಕದಲ್ಲಿ 2004-06ರ ಸುಮಾರಿಗೆ ಲಕ್ಷ ಹೆರಿಗೆಗೆ 213 ತಾಯಂದಿರು ಸಾಯುತ್ತಿದ್ದರು. 2018-20ರ ಹೊತ್ತಿಗೆ ಆ ಸಂಖ್ಯೆ 69ಕ್ಕೆ ಇಳಿದಿತ್ತು. ಇದಕ್ಕೆ ಕಾರಣಗಳು ಹತ್ತಾರು: ಆಸ್ಪತ್ರೆಯ ಹೆರಿಗೆ, ಆಂಬುಲೆನ್ಸು, ಆಶಾ ಕಾರ್ಯಕರ್ತೆಯರು.

ಎದೆಹಾಲಿನ ಬ್ಯಾಂಕು

ಗೋವಿನ ಹಾಡನ್ನು ಕೇಳದ ಕನ್ನಡಿಗನಿಲ್ಲ. ಹುಲಿಯ ಬಾಯಿಗೆ ಹೊರಟ ಪುಣ್ಯಕೋಟಿ ತನ್ನ ಕರುವನ್ನು ಒಪ್ಪಿಸಿದ್ದು ಜೊತೆಯ ಹಸುಗಳಿಗೆ. ಮನುಷ್ಯರಲ್ಲಿ ಈ ಕೆಲಸವನ್ನು ಈಗ ಎದೆಹಾಲಿನ ಬ್ಯಾಂಕುಗಳು ಮಾಡುತ್ತಿವೆ. ಏಷ್ಯದ ಮೊದಲನೆಯದನ್ನು ಡಾ. ಅರ್ಮಿಡಾ ಫರ್ನಾಂಡಿಸ್ 1989ರಲ್ಲಿ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ತೆರೆದರು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯ ‘ಅಮೃತಧಾರೆ’ 2022ರಲ್ಲಿ ಆರಂಭವಾಯಿತು. ಅದೇ ವರ್ಷ ಮಂಗಳೂರಿನ ಲೇಡಿ ಗೋಷನ್ ಆಸ್ಪತ್ರೆಯಲ್ಲಿಯೂ ರೋಟರಿಯವರ ನೆರವಿನಿಂದ ಒಂದು ಆರಂಭವಾಯಿತು. 2020ರ ಒಂದೇ ವರ್ಷದಲ್ಲಿ ಭಾರತದಲ್ಲಿ ದಿನ ತುಂಬದೆ ಹುಟ್ಟಿದ ಕೂಸುಗಳು ಸುಮಾರು 30 ಲಕ್ಷ. ಅಂಥ ಕೂಸಿನ ಎಳೆಗರುಳಿಗೆ ಡಬ್ಬಿಯ ಹಾಲು ಹಲವು ವೇಳೆ ಅಪಾಯಕಾರಿ. ಹೆತ್ತ ತಾಯಿಗೋ ಹಾಲು ಇನ್ನೂ ಇಳಿದಿರುವುದಿಲ್ಲ.

ಕೊಡಲು ಬರುವ ಬಾಣಂತಿಗೆ ಮೊದಲ ಅಡ್ಡಿ ಮನೆಯೊಳಗೇ. ‘ನಮ್ಮ ಕೂಸಿಗೆ ಕಡಮೆಯಾದೀತು, ದೃಷ್ಟಿ ತಾಕೀತು’ ಎಂಬುದು ಹಿರಿಯರ ಅಂಜಿಕೆ. ಬರಿದಾದಷ್ಟೂ ಊರುವುದು ಬಾವಿಯ ಸೆಲೆಯಂತೆ ಎದೆಹಾಲಿನ ಗುಣವೆಂದು ತಿಳಿಹೇಳುವುದರಲ್ಲಿಯೇ ದಾದಿಯರ ಅರ್ಧ ದಿನ ಕಳೆಯುತ್ತದೆ. ಬಳಿಕ ತಾಯಿಯ ರಕ್ತಪರೀಕ್ಷೆ, ಹಾಲನ್ನು 62.5 ಡಿಗ್ರಿ ಶಾಖದಲ್ಲಿ ಅರ್ಧ ಗಂಟೆ ಕಾಸಿ, ಒಮ್ಮೆಲೇ ತಣಿಸಿ, ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಶೀತದಲ್ಲಿ ಇಡುವುದು.

ಹೊರದೇಶಗಳ ಹಲವು ಹಾಲಿನ ಬ್ಯಾಂಕುಗಳು ಕೂಸನ್ನು ಕಳೆದುಕೊಂಡ ತಾಯಂದಿರಿಂದಲೂ ಹಾಲು ಸ್ವೀಕರಿಸುತ್ತವೆ. ಕೂಸು ತೀರಿದ ಮೂರು ನಾಲ್ಕು ದಿನಕ್ಕೆ ಎದೆ ತುಂಬಿ ಕಲ್ಲಾಗುತ್ತದೆ. ಮೈಗೆ ಸುದ್ದಿ ತಿಳಿದಿರುವುದಿಲ್ಲ. ಅದನ್ನು ಬತ್ತಿಸುವ ಉಪಾಯಗಳುಂಟು, ಅನೇಕರು ಬತ್ತಿಸಿಕೊಳ್ಳುವರು; ಅದರಲ್ಲಿ ತಪ್ಪೇನೂ ಇಲ್ಲ. ಕೆಲವರು ಮಾತ್ರ ವಾರಗಟ್ಟಲೆ ಹಿಂಡಿ ಕೊಡುವರು. ಆ ಬಾಟಲಿಯ ಮೇಲೆ ಅವರ ಹೆಸರಿರುವುದಿಲ್ಲ. ಒಂದು ಸಂಖ್ಯೆ, ಒಂದು ದಿನಾಂಕ. ಅದು ಮುಟ್ಟುವುದು ಒಂದೂವರೆ ಕಿಲೋ ಸಹ ತೂಗದ ಯಾರದೋ ಕೂಸಿಗೆ. ಸಣ್ಣ ಕೊಳವೆಯ ಮೂಲಕ, ಎರಡು ತಾಸಿಗೊಮ್ಮೆ, ಕೆಲವೇ ಮಿಲಿಲೀಟರಿನಂತೆ.